ಹಾದಿಯ ಸುಂಕ

ಸಂಸಾರಸ್ಥನು ತನ್ನ ಮನೆಯ ಲೆಕ್ಕದ ಪುಸ್ತಕದಲ್ಲಿ ಅಕ್ಕಿಯ ಕ್ರಯವನ್ನು ಬರೆದಿಡುವನು. ಎಣ್ಣೆ, ಬೆಲ್ಲ, ಮಕ್ಕಳ ಪುಸ್ತಕ, ವೈದ್ಯರಿಗೆ ಕೊಟ್ಟ ಹಣ ಇವಕ್ಕೆಲ್ಲ ಅಲ್ಲಿ ಒಂದೊಂದು ಸಾಲು ಉಂಟು. ಕೆಲಸಕ್ಕೆ ಹೋಗಿ ಬರುವ ಬಸ್ಸಿನ ಚಾರ್ಜಿಗೂ ಒಂದು ಸಾಲು ಇದ್ದೀತು. ಆದರೆ ಬಸ್ಸಿಗಾಗಿ ಮಾರ್ಗದ ಬದಿಯಲ್ಲಿ ಕಾದು ನಿಂತ ಹೊತ್ತಿಗೆ ಅಲ್ಲಿ ಸಾಲಿಲ್ಲ. ಸೀಟು ದೊರೆಯದೆ ಕಂಬಿ ಹಿಡಿದು ತೂಗಾಡಿದ ಹೊತ್ತಿಗೆ ಸಾಲಿಲ್ಲ. ಮಗುವು ಏಳುವ ಮೊದಲು ಹೊರಟು, ಅದು ನಿದ್ದೆಹೋದ ಮೇಲೆ ಮರಳಿದ ದಿನಗಳಿಗೂ ಸಾಲಿಲ್ಲ. ಲೆಕ್ಕಕ್ಕೆ ಬಾರದ ವೆಚ್ಚವು ವೆಚ್ಚವೇ ಅಲ್ಲವೆಂದು ಭಾವಿಸುವುದು ಮನುಷ್ಯನ ಅಭ್ಯಾಸ. ಆ ಅಭ್ಯಾಸವು ಸರಿಯೆ? ಈ ವೆಚ್ಚವನ್ನು ನ್ಯಾಯವಾಗಿ ತೆರತಕ್ಕವರು ಯಾರು? ದಿನವೂ ಲಕ್ಷಾಂತರ ಜನರು ಮನೆ ಬಿಟ್ಟು ಮನೆಗೆ ಮರಳುತ್ತಿರುವ ಈ ಕಾಲದಲ್ಲಿ ಇದು ವಿಚಾರಯೋಗ್ಯವಾದ ಪ್ರಶ್ನೆಯಾಗಿದೆ.

ಉಡುಪಿಯಿಂದ ಪೂರ್ವಕ್ಕೆ ಸುಮಾರು ೫ ಕಿಲೋಮೀಟರು ದೂರದಲ್ಲಿರುವ ಮಣಿಪಾಲವು ಒಂದು ಕಾಲಕ್ಕೆ ಮುರಕಲ್ಲಿನ ಬೋಳುಗುಡ್ಡೆಯಾಗಿತ್ತು. ಡಾಕ್ಟರ್ ಟಿ. ಎಂ. ಎ. ಪೈಯವರ ಉದ್ಯಮದಿಂದ ೧೯೪೨ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಎಂಬ ಸಂಸ್ಥೆಯೂ, ೧೯೫೩ರಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜೂ ಹುಟ್ಟಿದ ಬಳಿಕ ಆ ಗುಡ್ಡೆಯ ಭಾಗ್ಯವು ತೆರೆಯಿತು. ೧೯೯೭ರಲ್ಲಿ ಉಡುಪಿಯು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಯಿತು. ಜಿಲ್ಲಾಧಿಕಾರಿಯ ಕಚೇರಿಯೂ ಕಾಲಕ್ರಮದಲ್ಲಿ ಮಣಿಪಾಲಕ್ಕೇ ಬಂದಿತು. ಹೀಗೆ ವಿದ್ಯೆ, ಚಿಕಿತ್ಸೆ, ಸರಕಾರದ ಆಡಳಿತ ಇವು ಒಂದೇ ಗುಡ್ಡೆಯ ಮೇಲೆ ಕೂಡಿದುವು. ಆದರೆ ಅಲ್ಲಿ ದುಡಿಯುವವರೆಲ್ಲರೂ ಅಲ್ಲಿ ವಾಸಿಸುವವರಲ್ಲ. ಆಸ್ಪತ್ರೆಯ ನೆಲ ಒರೆಸುವವರು, ದಾದಿಯರು, ಗುಮಾಸ್ತರು, ಅಂಗಡಿಗಳಲ್ಲಿ ನಿಂತು ಮಾರುವವರು, ಹೋಟೆಲಿನ ಅಡಿಗೆಯವರು ಇವರಲ್ಲಿ ಅನೇಕರ ಒಲೆಗಳು ಬೇರೆ ಊರುಗಳಲ್ಲಿ ಉರಿಯುತ್ತವೆ.

ಕಾರ್ಕಳದ ಕಡೆಯವರು ಬೈಲೂರು, ಹಿರಿಯಡಕ, ಆತ್ರಾಡಿ, ಪರ್ಕಳಗಳನ್ನು ದಾಟಿ ಮೂವತ್ತು ಕಿಲೋಮೀಟರಿಗೂ ಮಿಕ್ಕ ಹಾದಿಯನ್ನು ಸವೆಸಿ ಬರಬೇಕು. ಕಾಪುವಿನವರಿಗೆ ದೂರ ಕಡಿಮೆ; ಆದರೆ ಅವರು ಹೆದ್ದಾರಿಯ ಬಸ್ಸಿನಲ್ಲಿ ಕಟಪಾಡಿ, ಉದ್ಯಾವರಗಳ ಮೂಲಕ ಉಡುಪಿಗೆ ಬಂದು, ಅಲ್ಲಿ ಇಳಿದು, ಕಲ್ಸಂಕ, ಇಂದ್ರಾಳಿಗಳ ಮೇಲೆ ಗುಡ್ಡೆ ಏರುವ ಇನ್ನೊಂದು ಬಸ್ಸನ್ನು ಹಿಡಿಯಬೇಕು. ೧೯೯೮ರಲ್ಲಿ ಪೂರ್ಣವಾದ ಕೊಂಕಣ ರೈಲುಮಾರ್ಗವು ಕರಾವಳಿಯ ಉದ್ದಕ್ಕೆ ಹಾದುಹೋಗಿರುವುದೇ ಹೊರತು ಕಾರ್ಕಳವನ್ನು ಮುಟ್ಟಿಲ್ಲ. ಇದಕ್ಕೆ ಮುಂಚೆ ಇನ್ನೊಂದು ಹಾದಿ ಉಂಟು. ತುಳುನಾಡಿನ ಮನೆಗಳು ಬಯಲುಸೀಮೆಯ ಹಳ್ಳಿಗಳಂತೆ ಒತ್ತಾಗಿ ಒಂದೆಡೆ ಕೂಡಿದವಲ್ಲ. ಒಂದೊಂದು ಮನೆಯೂ ತನ್ನ ಗದ್ದೆ ತೋಟಗಳ ನಡುವೆ ತಾನೇ ನಿಂತಿರುವುದು. ಆದುದರಿಂದ ಗದ್ದೆಯ ಅಂಚಿನಲ್ಲಿ ನಡೆದು, ತೋಡಿನ ಕಾಲುಸಂಕವನ್ನು ದಾಟಿ, ಡಾಮರು ಮಾರ್ಗಕ್ಕೆ ಬರುವ ಹೊತ್ತಿಗೆ ಅರ್ಧ ಗಂಟೆಯೂ ಕಳೆಯಬಹುದು. ಆಷಾಢದ ಮಳೆಯಲ್ಲಿ ಆ ಅರ್ಧ ಗಂಟೆಯ ಬೆಲೆ ಎಷ್ಟೆಂಬುದನ್ನು ನಡೆದವರೇ ಬಲ್ಲರು.

ಈ ವೆಚ್ಚದ ಗಾತ್ರವನ್ನು ಅರಿಯುವುದಕ್ಕೆ ಒಂದು ಕಲ್ಪಿತ ಲೆಕ್ಕವನ್ನು ಮಾಡಬಹುದು. ಕಾರ್ಕಳದ ಬಳಿಯ ಹಳ್ಳಿಯಿಂದ ಮಣಿಪಾಲಕ್ಕೆ ದಿನವೂ ಬರುವ ಒಬ್ಬಾಕೆಯ ದಿನಗೂಲಿಯು ೫೦೦ ರೂಪಾಯಿಯೆಂದೂ, ಹೋಗಿಬರುವ ಚಾರ್ಜು ೧೦೦ ರೂಪಾಯಿಯೆಂದೂ, ಕೆಲಸದ ಅವಧಿ ೮ ಗಂಟೆಯೆಂದೂ, ಹಾದಿಯ ಅವಧಿ ಎರಡೂ ಹೊತ್ತು ಸೇರಿ ೩ ಗಂಟೆಯೆಂದೂ ಇಟ್ಟುಕೊಳ್ಳಲಿ. ಕೂಲಿಯಲ್ಲಿ ಐದನೆಯ ಒಂದು ಪಾಲು ಬಸ್ಸಿಗೆ ಸಂದಿತು. ಅಂದರೆ ಬೆಳಗಿನ ಮೊದಲ ೧ ಗಂಟೆ ೩೬ ನಿಮಿಷ ಆಕೆಯು ದುಡಿಯುವುದು ಮನೆಗಾಗಿ ಅಲ್ಲ, ಅಲ್ಲಿಗೆ ಬಂದು ಸೇರಿದುದಕ್ಕಾಗಿ. ಕೂಲಿಯನ್ನು ಕೆಲಸದ ಗಂಟೆಗಳಿಗೆ ಹಂಚಿದರೆ ಗಂಟೆಗೆ ೬೨ ರೂಪಾಯಿ ೫೦ ಪೈಸೆ. ಉಳಿದ ೪೦೦ ರೂಪಾಯಿಯನ್ನು ಮನೆ ಬಿಟ್ಟು ಹೊರಗಿದ್ದ ೧೧ ಗಂಟೆಗಳಿಗೆ ಹಂಚಿದರೆ ೩೬ ರೂಪಾಯಿಯ ಮೇಲೆ ಸ್ವಲ್ಪ. ತಿಂಗಳಿಗೆ ೨೫ ದಿನಗಳಂತೆ ವರ್ಷಕ್ಕೆ ೯೦೦ ಗಂಟೆ ಹಾದಿಯಲ್ಲಿ ಕಳೆಯಿತು. ಇಪ್ಪತ್ತು ವರ್ಷಗಳ ದುಡಿಮೆಯಲ್ಲಿ ೧೮,೦೦೦ ಗಂಟೆ. ಇದು ಹಗಲಿರುಳು ಸೇರಿದ ೭೫೦ ದಿನಗಳು. ಆಯುಷ್ಯದ ಎರಡು ವರ್ಷಗಳಿಗೂ ಮಿಕ್ಕಿತು.

ಸಣ್ಣದು ದಿನದಿನವೂ ಕೂಡಿದರೆ ದೊಡ್ಡದಾಗುವುದೆಂಬ ಮಾತು ಉಡುಪಿಯವರಿಗೆ ಹೊಸದಲ್ಲ. ೧೯೨೫ರಲ್ಲಿ ಅಲ್ಲಿ ಸ್ಥಾಪಿತವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಗಿ, ೨೦೨೦ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಂಸ್ಥೆಯು ೧೯೨೮ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಷ್ಟು ಅಲ್ಪ ಹಣವನ್ನೂ ಏಜಂಟನು ಮನೆಬಾಗಿಲಿಗೆ ಬಂದು ಒಯ್ದು, ಪುಸ್ತಕದಲ್ಲಿ ಗುರುತಿಸಿ, ಅವಧಿ ತುಂಬಿದಾಗ ಬಡ್ಡಿಯೊಡನೆ ಮರಳಿಸುವ ಏರ್ಪಾಡು ಅದು. ಹಾದಿಯೂ ಹಾಗೆಯೇ ದಿನವೂ ಬಾಗಿಲಿಗೆ ಬಂದು ಎರಡು ಮೂರು ಗಂಟೆಗಳನ್ನು ಒಯ್ಯುತ್ತದೆ. ಭೇದವಿಷ್ಟೆ: ಅದು ಯಾವ ಪುಸ್ತಕದಲ್ಲಿಯೂ ಗುರುತು ಹಾಕುವುದಿಲ್ಲ, ಅಸಲನ್ನೂ ಮರಳಿಸುವುದಿಲ್ಲ.

ಅಮೇರಿಕದ ಥೋರೊ ಎಂಬ ಚಿಂತಕನು ೧೮೫೪ರಲ್ಲಿ ಪ್ರಕಟವಾದ 'ವಾಲ್ಡನ್' ಎಂಬ ಗ್ರಂಥದಲ್ಲಿ ಇಂತಹದೇ ಲೆಕ್ಕವೊಂದನ್ನು ಹಾಕಿರುವನು. ಮೂವತ್ತು ಮೈಲಿ ದೂರದ ಊರಿಗೆ ರೈಲಿನ ಚಾರ್ಜು ತೊಂಬತ್ತು ಸೆಂಟು. ಅದು ಬಹುಮಟ್ಟಿಗೆ ಒಂದು ದಿನದ ಕೂಲಿ. ನಡೆದುಹೋಗುವವನು ಇರುಳಾಗುವುದರೊಳಗೆ ಅಲ್ಲಿಗೆ ಸೇರುವನು. ರೈಲಿನವನು ಆ ಹಣವನ್ನು ಮೊದಲು ಸಂಪಾದಿಸಬೇಕಾದುದರಿಂದ ಹಿಂದೆಯೇ ಉಳಿಯುವನು. ಆದುದರಿಂದ ನಡೆಯುವವನೇ ವೇಗಶಾಲಿ ಎಂಬುದು ಅವನ ವಾದ. ವಸ್ತುವಿನ ನಿಜವಾದ ಬೆಲೆಯು ಅದಕ್ಕಾಗಿ ತೆತ್ತ ಆಯುಷ್ಯವೇ ಎಂಬ ಅವನ ತತ್ತ್ವವು ಸಾಧುವಾದುದು. ಆದರೆ ಅವನು ಒಂಟಿಗನು. ದೇಶ ನೋಡುವುದಕ್ಕೆ ಒಂದು ಸಲ ಹೋಗುವವನ ಪ್ರಯಾಣವನ್ನು ಅವನು ಯೋಚಿಸಿದನು. ಬೆಳಗ್ಗೆ ಎಂಟು ಗಂಟೆಗೆ ಕೆಲಸಕ್ಕೆ ನಿಂತಿರಬೇಕಾದ, ಸಂಜೆ ವೃದ್ಧಮಾತೆಯ ಬಳಿಗೆ ಮರಳಬೇಕಾದ, ನಾಳೆ ಪುನಃ ಹೊರಡಬೇಕಾದ ಗೃಹಸ್ಥರಿಗೆ ಆ ಪರಿಹಾರವು ಸಲ್ಲದು.

ಹಾಗಾದರೆ ಕೆಲಸವಿದ್ದಲ್ಲಿಗೇ ಹೋಗಿ ನೆಲಸಬಾರದೆ? ಈ ಪ್ರಶ್ನೆಗೆ ಬಾಡಿಗೆಯ ಮನೆಯ ದುಬಾರಿತನವು ಒಂದು ಉತ್ತರ. ಆದರೆ ಅದೇ ಪೂರ್ಣವಾದ ಉತ್ತರವಲ್ಲ. ೧೯೭೪ರ ಭೂಸುಧಾರಣೆಯ ತಿದ್ದುಪಡಿಯಿಂದ ಈ ಜಿಲ್ಲೆಯ ಅಸಂಖ್ಯ ಗೇಣಿದಾರರು ತಾವು ಉಳುತ್ತಿದ್ದ ನೆಲದ ಒಡೆಯರಾದರು. ತಲೆಮಾರುಗಳ ತರುವಾಯ ದೊರೆತ ಆ ಅರ್ಧ ಎಕರೆ, ಒಂದು ಎಕರೆ ನೆಲವು ಸಂಸಾರವನ್ನು ಪೂರ್ಣವಾಗಿ ಸಾಕಲಾರದು. ಆದರೆ ಬಿಟ್ಟುಹೋಗುವಷ್ಟು ಹಗುರವಾದುದೂ ಅಲ್ಲ. ಅಲ್ಲಿ ಬಾವಿ ಇದೆ, ನಾಲ್ಕು ತೆಂಗಿನ ಮರಗಳಿವೆ; ನಾಗಬನಕ್ಕೆ ತನು ಎರೆಯಬೇಕು, ದೈವಕ್ಕೆ ದೀಪವಿಡಬೇಕು; ಎಲ್ಲಕ್ಕಿಂತ ಮಿಗಿಲಾಗಿ ಬೇರೆಡೆ ಬೇರೂರಲಾರದ ಹಿರಿಯರಿದ್ದಾರೆ. ಹಿಂದಿನ ತಲೆಮಾರುಗಳಲ್ಲಿ ಇಂತಹ ಮನೆಗಳ ಹುಡುಗರು ಮುಂಬಯಿಗೆ ಹೋಗಿ ಹೋಟೆಲುಗಳಲ್ಲಿ ದುಡಿದು ಮನಿಯಾರ್ಡರು ಕಳುಹಿಸುತ್ತಿದ್ದರು. ಮನೆಗೆ ಹಣ ಬರುತ್ತಿತ್ತು, ಮಗನು ಬರುತ್ತಿರಲಿಲ್ಲ. ಆ ದೀರ್ಘವಾದ ಅಗಲಿಕೆಯನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆದು ದಿನದಿನಕ್ಕೆ ಹಂಚಿದುದೇ ಈಗಿನ ಬಸ್ಸಿನ ಪ್ರಯಾಣವೆನ್ನಬಹುದು. ಮನೆಯನ್ನು ಬಿಡದೆ ಮನೆಯನ್ನು ಸಾಕುವುದಕ್ಕೆ ತೆರುವ ಸುಂಕ ಅದು. ಹೀಗೆ ನೋಡಿದರೆ ಅದು ವ್ಯರ್ಥವಾದ ವೆಚ್ಚವಲ್ಲ, ಗೌರವವುಳ್ಳ ವೆಚ್ಚ.

ಆದರೆ ಸುಂಕವು ತಾನು ರಕ್ಷಿಸಬೇಕಾದುದನ್ನೇ ತಿಂದುಬಿಟ್ಟರೆ? ಮನೆಗಾಗಿ ತೆತ್ತ ಹೊತ್ತು ಬೆಳೆದು ಬೆಳೆದು, ಮನೆಯು ರಾತ್ರಿ ಮಲಗುವ ತಂಗುದಾಣ ಮಾತ್ರವಾದರೆ, ಕೊಂಡುದು ಏನು? ಈ ಅಪಾಯವು ಗಂಡಸರಿಗೂ ಹೆಂಗಸರಿಗೂ ಸಮವಾದುದಲ್ಲ. ಬಸ್ಸಿನಲ್ಲಿ ಅಕ್ಕಪಕ್ಕ ನಿಂತ ಇಬ್ಬರೂ ಕ್ರಮಿಸುವ ದೂರ ಒಂದೇ. ಆದರೆ ಒಬ್ಬನು ಎದ್ದು, ಸ್ನಾನ ಮಾಡಿ, ಬಡಿಸಿದುದನ್ನು ಉಂಡು ಬಂದಿರುವನು. ಇನ್ನೊಬ್ಬಳು ಒಂದೂವರೆ ಗಂಟೆ ಮೊದಲೇ ಎದ್ದು ಗಂಜಿ ಬೇಯಿಸಿ, ಮಕ್ಕಳ ಬುತ್ತಿ ಕಟ್ಟಿ, ಹಿರಿಯರ ಔಷಧವನ್ನು ತೆಗೆದಿಟ್ಟು ಬಂದಿರುವಳು. ಸಂಜೆಯೂ ಹಾಗೆಯೇ. ಹಾದಿಯನ್ನು ತಪ್ಪಿಸಬೇಕೆಂದರೆ ಆಕೆಗಿರುವ ಇನ್ನೊಂದು ಹಾದಿ ಬೀಡಿ. ಎಲೆ ತಂಬಾಕುಗಳನ್ನು ಬ್ರಾಂಚಿನಿಂದ ತಂದು ಮನೆಯಲ್ಲಿಯೇ ಕಟ್ಟಿ ಒಪ್ಪಿಸುವ ಆ ಕೆಲಸವು ಈ ಜಿಲ್ಲೆಯ ಬಡ ಮನೆಗಳನ್ನು ಬಹುಕಾಲ ಸಾಕಿದೆ. ಅಲ್ಲಿ ಬಸ್ಸಿನ ಸುಂಕವಿಲ್ಲ. ಆದರೆ ಕೂಲಿ ಕಡಿಮೆ, ದೇಹಕ್ಕೆ ತಂಬಾಕಿನ ಧೂಳು. ಹಾದಿಯ ಬೆಲೆಯನ್ನು ಉಳಿಸಿಕೊಂಡವಳು ಅದನ್ನು ಬೇರೊಂದು ರೂಪದಲ್ಲಿ ತೆತ್ತಳು.

ಇಷ್ಟನ್ನು ಒಪ್ಪಿಕೊಂಡವರೂ ಒಂದು ಆಕ್ಷೇಪವನ್ನು ಎತ್ತುವುದುಂಟು. ದೂರವು ಮೊದಲೇ ಗೊತ್ತಿತ್ತು. ಗೊತ್ತಿದ್ದೇ ಕೆಲಸವನ್ನು ಒಪ್ಪಿಕೊಂಡರು. ಇಷ್ಟಪಟ್ಟು ಆರಿಸಿಕೊಂಡುದಕ್ಕೆ ಪರರು ಹೊಣೆಯೆ? ಎಂಬುದು ಆ ಆಕ್ಷೇಪ. ಇದರಲ್ಲಿ ಸ್ವಲ್ಪ ಹುರುಳಿದೆ. ಪೇಟೆಯ ಗದ್ದಲವು ಬೇಡವೆಂದು, ವಿಶಾಲವಾದ ಮನೆ ಬೇಕೆಂದು, ದೂರದಲ್ಲಿ ನೆಲಸಿ ಸ್ವಂತ ಕಾರಿನಲ್ಲಿ ಬರುವವನು ತನ್ನ ಹಾದಿಯ ವೆಚ್ಚವನ್ನು ತಾನೇ ಹೊರತಕ್ಕದ್ದು. ಅದು ಅವನ ಸುಖದ ಬೆಲೆ. ಆದರೆ ಮನೆಯನ್ನು ಬಿಡುವ ನಷ್ಟ, ದಿನವೂ ಅಲೆಯುವ ನಷ್ಟ, ಇವೆರಡರಲ್ಲಿ ಒಂದನ್ನು ಹಿಡಿದವರು ಅದನ್ನು ಇಷ್ಟಪಟ್ಟರೆಂದು ಹೇಳುವುದು ಮಾತಿನ ದುರುಪಯೋಗ. ಎರಡು ನಷ್ಟಗಳಲ್ಲಿ ಕಿರಿದನ್ನು ಆರಿಸಿಕೊಂಡ ಮಾತ್ರದಿಂದ ಆ ನಷ್ಟವು ನ್ಯಾಯವಾಗುವುದಿಲ್ಲ.

ಈ ಹಾದಿಯಿಂದ ಲಾಭ ಹೊಂದುವವರು ಯಾರೆಂದು ವಿಚಾರಿಸಿದರೆ ಹೊಣೆಯೂ ಗೋಚರವಾದೀತು. ಮೂವತ್ತು ಕಿಲೋಮೀಟರು ಸುತ್ತಳತೆಯ ಊರುಗಳಿಂದ ಜನರು ತಾವಾಗಿ ಬಂದು ಬಾಗಿಲಲ್ಲಿ ನಿಲ್ಲುವುದರಿಂದ ಯಜಮಾನನು ಅವರಿಗೆ ವಸತಿಯನ್ನು ಕಟ್ಟಿಸಬೇಕಾಗಿಲ್ಲ, ಪೇಟೆಯ ಬಾಡಿಗೆಗೆ ಸಾಲುವಷ್ಟು ಕೂಲಿಯನ್ನು ಕೊಡಬೇಕಾಗಿಲ್ಲ. ಆಸ್ಪತ್ರೆಗೆ ಬರುವ ರೋಗಿ, ಕಚೇರಿಗೆ ಬರುವ ಅರ್ಜಿದಾರ, ಹೋಟೆಲಿಗೆ ಬರುವ ವಿದ್ಯಾರ್ಥಿ ಇವರೆಲ್ಲರೂ ಆ ಉಳಿತಾಯದ ಪಾಲುದಾರರೇ. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಮಧ್ಯಮ ದರ್ಜೆಯ ದೂತನಿಗೆ ಯೋಜನಕ್ಕೆ ೧೦ ಪಣದಂತೆಯೂ, ಹತ್ತು ಯೋಜನ ಮೀರಿದರೆ ನೂರು ಯೋಜನದವರೆಗೆ ಅದರ ಇಮ್ಮಡಿಯಂತೆಯೂ ವೇತನವನ್ನು ವಿಧಿಸಿರುವನು. ದೂತನಿಗೆ ನಡೆಯುವುದೇ ಕೆಲಸ, ದಾದಿಗೆ ಅದು ಕೆಲಸವಲ್ಲ, ಎಂದು ಭೇದ ಹೇಳಬಹುದು. ಆದರೆ ನಡೆದು ಬಾರದ ದಾದಿಯಿಂದ ರೋಗಿಗೆ ಪ್ರಯೋಜನವೇನು? ಹಾದಿಯು ಕೆಲಸದ ಹೊರಗಿನದಲ್ಲ. ಅದು ಕೆಲಸದ ಮೊದಲ ಭಾಗ.

ಈ ಸತ್ಯವನ್ನು ಕಾನೂನು ಬಹಳ ನಿಧಾನವಾಗಿ ಕಲಿಯಿತು. ೧೯೫೨ರಲ್ಲಿ ಸೌರಾಷ್ಟ್ರದ ಉಪ್ಪಿನ ಕಾರ್ಖಾನೆಯೊಂದರ ಕೆಲಸಗಾರರು ಕೆಲಸ ಮುಗಿಸಿ ದೋಣಿಯಲ್ಲಿ ಅಳಿವೆ ದಾಟುತ್ತಿರುವಾಗ ದೋಣಿ ಮಗುಚಿ ಕೆಲವರು ಮುಳುಗಿದರು. ಕಾರ್ಖಾನೆಯ ಎಲ್ಲೆ ದಾಟಿದ ಮೇಲೆ ಅವರು ಸಾರ್ವಜನಿಕರಂತೆ ಹೋಗುತ್ತಿದ್ದವರು, ಯಜಮಾನನು ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟು ೧೯೫೮ರಲ್ಲಿ ತೀರ್ಪಿತ್ತಿತು. ಮನೆಗೂ ಕೆಲಸಕ್ಕೂ ನಡುವೆ ಒದಗುವ ಅಪಘಾತವನ್ನು, ಉದ್ಯೋಗದೊಡನೆ ಅದಕ್ಕೆ ಸಂಬಂಧ ಕಂಡುಬಂದಲ್ಲಿ, ಉದ್ಯೋಗದ ಅಪಘಾತವೆಂದೇ ಎಣಿಸುವ ತಿದ್ದುಪಡಿಯು ನೌಕರರ ರಾಜ್ಯವಿಮೆಯ ಕಾಯಿದೆಗೆ ಸೇರಿದುದು ೨೦೧೦ರಲ್ಲಿ. ಬೆಳಗಿನ ಜಾವ ಮೂರು ಗಂಟೆಯ ಪಾಳಿಗೆಂದು ಹೊರಟು ೨೦೦೩ರಲ್ಲಿ ಹಾದಿಯಲ್ಲಿಯೇ ಮಡಿದ ಸಕ್ಕರೆ ಕಾರ್ಖಾನೆಯ ಕಾವಲುಗಾರನ ಸಂಸಾರಕ್ಕೆ ಅದೇ ನ್ಯಾಯವನ್ನು ಸುಪ್ರೀಂ ಕೋರ್ಟು ಒದಗಿಸಿದುದು ೨೦೨೫ರಲ್ಲಿ. ಹಾದಿಯಲ್ಲಿ ಸತ್ತವನು ಕೆಲಸದಲ್ಲಿಯೇ ಸತ್ತನೆಂದು ಈಗ ಒಪ್ಪಿದ್ದಾಯಿತು. ಹಾಗಿರಲು ಹಾದಿಯಲ್ಲಿ ಬದುಕಿ ಬಂದವನು ಕೆಲಸದಲ್ಲಿ ಇರಲಿಲ್ಲವೆಂದು ಹೇಳುವುದು ಹೇಗೆ?

ಹಾದಿಗೆ ಬೆಲೆ ಕಟ್ಟಿದಲ್ಲಿಯೂ ವೈಷಮ್ಯವು ಕಾಣುತ್ತದೆ. ಕೇಂದ್ರ ಸರಕಾರವು ತನ್ನ ನೌಕರರಿಗೆ ೨೦೧೭ರಲ್ಲಿ ಗೊತ್ತುಮಾಡಿದ ಸಾರಿಗೆ ಭತ್ಯೆಯು, ಮಹಾನಗರಗಳಲ್ಲದ ಊರುಗಳಲ್ಲಿ, ಮೇಲಿನ ದರ್ಜೆಯವರಿಗೆ ತಿಂಗಳಿಗೆ ೩,೬೦೦ ರೂಪಾಯಿ, ನಡುವಿನವರಿಗೆ ೧,೮೦೦, ಅತ್ಯಂತ ಕೆಳಗಿನವರಿಗೆ ೯೦೦. ಇದರ ಮೇಲೆ ತುಟ್ಟಿಭತ್ಯೆ ಬೇರೆ. ದರ್ಜೆಗೆ ತಕ್ಕಂತೆ ಹಾದಿಯ ಉದ್ದವು ಹೆಚ್ಚು ಕಡಿಮೆಯಾಗುವುದಿಲ್ಲ. ಇನ್ನು ರಾಜ್ಯ ಸರಕಾರವು ೨೦೨೩ರ ಜೂನ್ ೧೧ರಂದು ಆರಂಭಿಸಿದ 'ಶಕ್ತಿ' ಯೋಜನೆಯು ಹೆಂಗಸರಿಗೆ ಸರಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣವನ್ನು ಒದಗಿಸಿತು. ಅದರ ಹಿಂದಿನ ಭಾವನೆ ಶ್ಲಾಘ್ಯವಾದುದು. ಆದರೆ ಉಡುಪಿ ಜಿಲ್ಲೆಯಲ್ಲಿ ಓಡುವುವು ಹೆಚ್ಚಾಗಿ ಖಾಸಗಿ ಬಸ್ಸುಗಳು. ಇದು ಆ ಬಸ್ಸುಗಳ ದೋಷವಲ್ಲ. ಸರಕಾರದ ಗಾಡಿ ಕಾಣದ ಒಳನಾಡಿಗೂ ಬಹುಕಾಲದಿಂದ ಅವು ನಡೆದುಬಂದಿವೆ. ಆದರೂ ಫಲವೇನಾಯಿತೆಂದರೆ, ಒಂದೇ ರಾಜ್ಯದಲ್ಲಿ ಒಂದೇ ಕೂಲಿಗೆ ದುಡಿಯುವ ಇಬ್ಬರಲ್ಲಿ ಮೈಸೂರಿನವಳು ಸುಂಕವಿಲ್ಲದೆ ಹೋಗುವಳು. ಬೈಲೂರಿನವಳು, ಮಾರ್ಗದಲ್ಲಿ ಮೊದಲು ಬರುವುದು ಯಾವ ಬಸ್ಸೆಂಬುದರ ಮೇಲೆ, ಕೊಡುವಳು ಇಲ್ಲವೆ ಉಳಿಸುವಳು. ನ್ಯಾಯವು ಬಸ್ಸಿನ ಬಣ್ಣವನ್ನು ಅವಲಂಬಿಸಿರಬಾರದು.

ಬಸ್ಸಿನಲ್ಲಿ ಕಳೆಯುವ ಹೊತ್ತು ಸಂಪೂರ್ಣವಾಗಿ ನಷ್ಟವೆಂದು ಹೇಳಿದರೂ ಅತಿಶಯೋಕ್ತಿಯಾದೀತು. ಅಲ್ಲಿ ವರ್ಷಗಳ ಗೆಳೆತನಗಳು ಬೆಳೆಯುತ್ತವೆ. ಸೀಟು ದೊರೆತವಳು ನಿಂತವಳ ಚೀಲವನ್ನು ತನ್ನ ಮಡಿಲಲ್ಲಿ ಇಟ್ಟುಕೊಳ್ಳುವಳು. ಮದುವೆಯ ಸುದ್ದಿ, ಸಾಲದ ಚಿಂತೆ, ಮಕ್ಕಳ ಪರೀಕ್ಷೆ ಇವೆಲ್ಲ ಅಲ್ಲಿ ಹಂಚಿಹೋಗುತ್ತವೆ. ಮನೆಯಲ್ಲಿ ಹತ್ತು ಮಂದಿಯ ಕರೆ, ಕೆಲಸದಲ್ಲಿ ಮೇಲಿನವರ ಕರೆ. ಇವೆರಡರ ನಡುವೆ ಯಾರೂ ಕರೆಯದ ಆ ಒಂದು ಗಂಟೆಯೇ ತನ್ನದು ಎನ್ನತಕ್ಕ ಹೆಂಗಸರೂ ಇದ್ದಾರು. ಆದರೆ ದಿನದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಒಬ್ಬಾಕೆಗೆ ತನ್ನದಾದ ಹೊತ್ತು ಬಸ್ಸಿನ ಕಿಟಕಿಯ ಬಳಿಯಲ್ಲಿ ಮಾತ್ರ ಸಿಗುವುದಾದರೆ, ಅದು ಬಸ್ಸಿನ ಹೊಗಳಿಕೆಯಲ್ಲ. ಮನೆಯ ಮೇಲಿನ ದೂರು.

ಹೀಗಿರಲು ಮಾಡತಕ್ಕದ್ದೇನು? ದೂರವನ್ನು ಯಾರೂ ಅಳಿಸಲಾರರು. ಅದರ ಭಾರವನ್ನು ಹಂಚಿಕೊಳ್ಳಬಲ್ಲರು. ಯಜಮಾನನಾದವನು ಕೂಲಿಯನ್ನು ಗೊತ್ತುಮಾಡುವಾಗ ಹಾದಿಯನ್ನೂ ಎಣಿಸಲಿ. ಅದಾಗದಿದ್ದಲ್ಲಿ, ಕೆಲಸ ಬಿಡುವ ಗಂಟೆಯನ್ನು ಬಸ್ಸಿನ ವೇಳೆಗೆ ಹೊಂದಿಸುವುದಕ್ಕಾದರೂ ಹಣ ಬೇಕಾಗಿಲ್ಲ. ಹತ್ತು ನಿಮಿಷ ತಡೆದುದರಿಂದ ಒಂದು ಬಸ್ಸು ತಪ್ಪಿ, ಒಂದು ಬಸ್ಸು ತಪ್ಪಿದುದರಿಂದ ಒಂದು ಗಂಟೆ ಹೋಗುವ ಸೀಮೆಯಿದು. ಸರಕಾರವು ಕೊಡುವ ನೆರವನ್ನು ಬಸ್ಸಿನ ಒಡೆತನವನ್ನು ನೋಡಿ ಕೊಡದೆ, ಪ್ರಯಾಣಿಕಳ ಅಗತ್ಯವನ್ನು ನೋಡಿ ಕೊಡಲಿ. ಆದರೆ ಇವೆರಡಕ್ಕೂ ಕಾಯದೆ ಈ ದಿನವೇ ಆರಂಭಿಸಬಹುದಾದುದು ಮನೆಯೊಳಗಿನ ಹಂಚಿಕೆ. ಹಾದಿಯಿಂದ ಬಂದವಳು ನೇರವಾಗಿ ಒಲೆಯ ಮುಂದೆ ನಿಲ್ಲಬೇಕಾದ ಮನೆಯಲ್ಲಿ ಆ ಸುಂಕದ ದೊಡ್ಡ ಪಾಲನ್ನು ವಸೂಲು ಮಾಡುತ್ತಿರುವವರು ಯಜಮಾನನೂ ಅಲ್ಲ, ಸರಕಾರವೂ ಅಲ್ಲ.

ದುಡಿಮೆಯು ಕಾರ್ಖಾನೆಯ ಗೇಟಿನಲ್ಲಿ ಆರಂಭವಾಗುವುದಿಲ್ಲ, ಮನೆಯ ಹೊಸ್ತಿಲಿನಲ್ಲಿ ಆರಂಭವಾಗುತ್ತದೆ. ಮತ್ತೆ ಆ ಹೊಸ್ತಿಲನ್ನು ದಾಟಿ ಒಳಗೆ ಬಂದಾಗಲೇ ಮುಗಿಯತಕ್ಕದ್ದು. ಇಷ್ಟನ್ನು ಒಪ್ಪಿದ ಮನೆಯಲ್ಲಿ ಲೆಕ್ಕದ ಪುಸ್ತಕಕ್ಕೆ ಹೊಸದೊಂದು ಸಾಲು ಸೇರದಿದ್ದರೂ ನಡೆದೀತು. ಕತ್ತಲಾದ ಮೇಲೆ ಕಾಲುಸಂಕದ ಕಡೆಯಿಂದ ಹೆಜ್ಜೆಯ ಸಪ್ಪಳ ಕೇಳಿದಾಗ ಅಂಗಳದ ದೀಪ ಹತ್ತಿರಲಿ, ಒಲೆಯ ಮೇಲೆ ಅನ್ನ ಬೆಂದಿರಲಿ. ಮನೆಯವರು ತೆರಬಹುದಾದ ಪಾಲು ಅಷ್ಟು.